ಭಾವನನ್ನು ಬಾಗಿಸಿದ ಬೈಕು

ಸೈಕಲ್ಲು ಕಲಿತವನು ಸಾಯೋವರೆಗೂ ಮರೆಯೋದಿಲ್ಲ ಅಂತಾರೆ. ಈ ಮಾತು ಹೇಳಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಹತ್ತು ಹನ್ನೆರಡು ವರ್ಷ ಬೈಕು ಬಿಟ್ಟಿದ್ದು ಆಮೇಲೆ ಸ್ಪೋರ್ಟ್ಸ್ ಬೈಕು ಹತ್ತಿದವರಂತೂ ಅಲ್ಲ. ಹಾಗೆ ಹತ್ತಿದವನ ಕಷ್ಟ ಮರೆವಿನದಲ್ಲ ಸ್ವಾಮಿ, ನೆನಪಿನದು. ಕೈಗೆ ಎಲ್ಲ ನೆನಪಿದೆ, ಕಾಲಿಗೆ ಅದಕ್ಕಿಂತ ಚೆನ್ನಾಗಿ ನೆನಪಿದೆ. ಅವೆರಡೂ ನೆನಪಿಟ್ಟುಕೊಂಡು ಕೂತಿರೋದು ಮಾತ್ರ ಬೇರೆ ಬೈಕನ್ನ.

ಬೇಕಾದರೆ ನಮ್ಮ ಭಾವನನ್ನು ನೋಡಿ. ಹುಟ್ಟಿ ಬೆಳೆದದ್ದು ಭದ್ರಾವತಿ, ಓದಿದ್ದು ಶಿವಮೊಗ್ಗದ ಸಹ್ಯಾದ್ರಿ ಕಾಲೇಜು, ಈಗ ಮನೆ ವಿನೋಬನಗರದಲ್ಲಿ. ವಯಸ್ಸು ಐವತ್ತರ ಹೊಸ್ತಿಲಲ್ಲಿದೆ. ಹೊಟ್ಟೆ ಆಗಲೇ ಹೊಸ್ತಿಲು ದಾಟಿದೆ. ಮಗನಿಗೆ ಸ್ಕೂಟರ್ ಕೊಡಿಸ್ತೀನಿ ಅಂತ ಷೋರೂಮಿಗೆ ಹೋದ ಮನುಷ್ಯ, ಮಗನಿಗೆ ಬುದ್ಧಿವಾದ ಕೊಟ್ಟು ತಮಗೆ ಬೈಕು ತಗೊಂಡು ಬಂದರು. ಯಾವ ಕಂಪನಿದು ಅಂತ ಕೇಳಬೇಡಿ. ಹೇಳಿದರೆ ಉಳಿದ ಕಂಪನಿಗಳ ಅಭಿಮಾನಿಗಳು ನನ್ನ ಮನೆಗೇ ಜಗಳಕ್ಕೆ ಬರ್ತಾರೆ. ಚೂಪು ಮೂತಿ, ಮೈತುಂಬ ಪ್ಲಾಸ್ಟಿಕ್ ಕವಚ, ಹಿಂದಿನ ಸೀಟು ಆಕಾಶದ ಕಡೆಗೆ. ಗುರುತಿಗೆ ಇಷ್ಟು ಸಾಕು.

ಪೂಜೆಗೆ ಅಕ್ಕ ನಾಲ್ಕು ನಿಂಬೆಹಣ್ಣು ತಂದಿದ್ದಳು, ಕಾರಿನ ಲೆಕ್ಕದಲ್ಲಿ. ಎರಡು ಉಳಿದವು. "ಇರ್ಲಿ ಬಿಡು, ಇವರು ವಾಪಸ್ ಬರೋ ಹೊತ್ತಿಗೆ ಶರಬತ್ತು ಬೇಕಾಗುತ್ತೆ" ಅಂದಳು. ಅವಳ ಅಂದಾಜು ಯಾವತ್ತೂ ತಪ್ಪೋದಿಲ್ಲ.

ಭಾವನ ತಲೆಮಾರಿನ ಗಂಡಸರ ಕಾಲು ಪಳಗಿದ್ದೇ ಬೇರೆ ಗರಡಿಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಅಂತ ಬಿಟ್ಟಿತಲ್ಲ, ಅದರಲ್ಲಿ ಕಿಕ್ ಹೊಡೆಯೋಕೂ ಗೇರು ಹಾಕೋಕೂ ಒಂದೇ ಲಿವರು. ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ಕಾಲೇಜಿನಲ್ಲಿ ಗೆಳೆಯನ ಯೆಜ್ಡಿಯನ್ನು ಕಾಡಿ ಬೇಡಿ ಓಡಿಸಿದ ಭಾವ, ಕೆಲಸಕ್ಕೆ ಸೇರಿದ ಮೇಲೆ ಆರ್‌ಎಕ್ಸ್ 100 ಕೊಂಡರು. 98 ಸಿಸಿ, ಹನ್ನೊಂದು ಅಶ್ವಶಕ್ತಿ. 1985ರಿಂದ 1996ರವರೆಗೆ ಬಂದ ಆ ಬೈಕಿನ ಸದ್ದು ಕೇಳಿದರೆ ಇವತ್ತಿಗೂ ಭಾವ ಉಣ್ಣೋದು ಬಿಟ್ಟು ಎದ್ದು ಕಿಟಕಿಗೆ ಹೋಗ್ತಾರೆ. ಮದುವೆಯಾಯ್ತು, ಸ್ಪ್ಲೆಂಡರ್ ಬಂತು. ಮಕ್ಕಳಾದವು, ಕಾರು ಬಂತು. ಬೈಕು ಹೋಯ್ತು, ಬೈಕಿನ ಮಾತು ಉಳೀತು.

ಈಗ ಗೇರಿನ ಕಥೆ ಕೇಳಿ. ಸ್ಪ್ಲೆಂಡರಿನಲ್ಲಿ ಮುಂಗಾಲಲ್ಲಿ ಒತ್ತುತ್ತಾ ಹೋದರೆ ಗೇರು ಏರುತ್ತಾ ಹೋಗುತ್ತೆ, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತೆ. ಹೊಸ ಬೈಕಿನಲ್ಲಿ ಒಂದು ಕೆಳಕ್ಕೆ, ಉಳಿದ ಐದು ಮೇಲಕ್ಕೆ. ಹಿಮ್ಮಡಿಗೆ ಕೆಲಸವೇ ಇಲ್ಲ. ಭಾವನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಷೋರೂಮಿನ ಹುಡುಗ ಹೇಳುವಾಗ "ಗೊತ್ತು ಕಣಪ್ಪ, ನೀನು ಹುಟ್ಟೋಕೆ ಮುಂಚಿಂದ ಓಡಿಸ್ತಿದೀನಿ" ಅಂದವರೇ. ಭಾವನಿಗೆ ಗೊತ್ತು, ಎಡಗಾಲಿಗೆ ಗೊತ್ತಿಲ್ಲ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಭದ್ರಾವತಿಗೆ ಹೊರಟ ದಿನ, ಹರಿಗೆ ದಾಟಿ ಮಲವಗೊಪ್ಪ ಬರುವಾಗ ಮೂರರಿಂದ ನಾಲ್ಕಕ್ಕೆ ಹೋಗೋಣ ಅಂತ ಕಾಲು ತನ್ನ ಪಾಡಿಗೆ ತಾನು ಕೆಳಕ್ಕೆ ಒತ್ತಿತು. ಎರಡನೇ ಗೇರು ಬಿತ್ತು. ಎಂಜಿನ್ನು ಕಿರುಚಿತು, ಬೈಕು ಮುಗ್ಗರಿಸಿತು, ಅಕ್ಕನ ಹೆಲ್ಮೆಟ್ಟು ಭಾವನ ಹೆಲ್ಮೆಟ್ಟಿಗೆ ಟಕ್ ಅಂತ ಬಡೀತು. ಹಿಂದಿನ ಚಕ್ರ ಕಚ್ಚಿಕೊಂಡು ಜಾರಬೇಕಿತ್ತು. ಈಗಿನ ಬೈಕುಗಳಲ್ಲಿ ಸ್ಲಿಪ್ಪರ್ ಕ್ಲಚ್ ಅಂತ ಒಂದಿದೆ, ಎಂಜಿನ್ನಿನ ಹಿಡಿತವನ್ನು ಅಷ್ಟಿಷ್ಟು ಸಡಿಲ ಬಿಟ್ಟು ಅದು ಕಾಪಾಡಿತು. "ಏನ್ರೀ ಅದು?" ಅಂದಳು ಅಕ್ಕ. "ಹಂಪು" ಅಂದರು ಭಾವ. ಆ ಜಾಗದಲ್ಲಿ ಹಂಪಿಲ್ಲ ಅನ್ನೋದು ಅಕ್ಕನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರೋದೇ ಅವಳ ಅಸ್ತ್ರ.

ಇನ್ನು ಬ್ರೇಕು. ನಮ್ಮ ಕಡೆ ಬೈಕು ಕಲಿಸೋ ಹಿರಿಯರೆಲ್ಲ ಮೊದಲು ಹೇಳೋ ಮಾತು, "ಮುಂದಿನ ಬ್ರೇಕು ಮುಟ್ಟಬೇಡ, ಮಗುಚಿ ಬೀಳ್ತೀಯ." ಆ ಭಯದಲ್ಲೇ ಮೂವತ್ತು ವರ್ಷ ಬಾಳಿದ ಬಲಗೈ ಬೆರಳುಗಳು ಈಗ ಏಕಾಏಕಿ ಹೇಗೆ ನಂಬಬೇಕು? ನಿಜ ಏನಪ್ಪ ಅಂದರೆ, ಬ್ರೇಕು ಹಿಡಿದ ಕೂಡಲೇ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಾಗಾಗಿ ಗಾಡಿಯನ್ನು ನಿಲ್ಲಿಸೋ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನದ್ದೇ. ಕಪ್ಪೆ ಹಿಡಿದಂತೆ ಗಬಕ್ಕನೆ ಹಿಡಿಯಬಾರದು, ಮೆಲ್ಲಗೆ ಶುರು ಮಾಡಿ ಹಿಡಿತ ಬಿಗಿ ಮಾಡುತ್ತಾ ಹೋಗಬೇಕು, ಅಷ್ಟೇ. ಅದರ ಮೇಲೆ 125 ಸಿಸಿ ದಾಟಿದ ಬೈಕಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಚಕ್ರ ಕಚ್ಚಿಕೊಳ್ಳೋಕೆ ಅದು ಬಿಡೋದಿಲ್ಲ. ಇದನ್ನೆಲ್ಲ ಭಾವನಿಗೆ ಹೇಳಿದ್ದು ಮಗ, ಸ್ಕೂಟರ್ ಸಿಗದ ಸಿಟ್ಟಿನಲ್ಲಿ ಸ್ವಲ್ಪ ಜೋರಾಗೇ ಹೇಳಿದ. ಭಾನುವಾರ ಬೆಳಗ್ಗೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗೆ ಕರ್ಕೊಂಡು ಹೋಗಿ, ಒಂದು ಕಲ್ಲು ಇಟ್ಟು, "ಅಪ್ಪ, ಇಲ್ಲಿ ನಿಲ್ಸಿ" ಅಂದ. ಮೊದಲ ಸಲ ಭಾವ ನಿಂತದ್ದು ಕಲ್ಲಿಂದ ಆಚೆ ಬಹಳ ದೂರದಲ್ಲಿ. ಬಿಸಿಲೇರೋ ಹೊತ್ತಿಗೆ ಕಲ್ಲಿನ ಹತ್ತಿರಕ್ಕೆ ಬಂದಿದ್ದರು. ಸಹ್ಯಾದ್ರಿಯಲ್ಲಿ ಕಲಿತದ್ದಕ್ಕಿಂತ ಅಲ್ಲಿ ಕಲಿತದ್ದೇ ಹೆಚ್ಚು ಉಪಯೋಗಕ್ಕೆ ಬಂತು ಅಂತ ಅವರೇ ಹೇಳ್ತಾರೆ.

ಆರ್‌ಎಕ್ಸ್ 100 ಇನ್ನೊಂದು ಅಭ್ಯಾಸ ಅಂಟಿಸಿತ್ತು. ಟೂ ಸ್ಟ್ರೋಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಗಾಡಿ ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತೆ. ಈ ಫೋರ್ ಸ್ಟ್ರೋಕು ಹಾಗಲ್ಲ, ಬಿಟ್ಟ ತಕ್ಷಣ ಎಂಜಿನ್ನೇ ಹಿಡಿದು ಎಳೆಯುತ್ತೆ. ಭಾವ ಮೊದಮೊದಲು ತಟಕ್ಕನೆ ಬಿಡೋದು, ತಟಕ್ಕನೆ ತಿರುಗಿಸೋದು ಮಾಡಿ ಅಕ್ಕ ಬಿ.ಎಚ್. ರೋಡಿನುದ್ದಕ್ಕೂ ತಲೆಯಾಡಿಸುತ್ತಾ ಕೂರೋ ಹಾಗೆ ಮಾಡಿದರು. ಎದುರಿಗೆ ಬಂದ ಪರಿಚಯದವರೆಲ್ಲ ತಮಗೇ ನಮಸ್ಕಾರ ಅಂದುಕೊಂಡು ಕೈಯೆತ್ತಿದರು.

ಕೂರೋ ಭಂಗಿಯದು ಇನ್ನೊಂದು ರಾಮಾಯಣ. ಹ್ಯಾಂಡಲ್ಲು ಕೆಳಗೆ, ಫುಟ್‌ರೆಸ್ಟು ಹಿಂದೆ, ಸವಾರ ಮುಂದಕ್ಕೆ ಬಾಗಲೇಬೇಕು. ಆಫೀಸಿನಲ್ಲಿ ಯಾರಿಗೂ ಬಾಗದ ಭಾವ ಇಲ್ಲಿ ಬಾಗಿದರು. ಬಾಗಿದ ಭಾರವನ್ನೆಲ್ಲ ಅಂಗೈ ಮೇಲೆ ಹಾಕಿದ್ದರಿಂದ ಭದ್ರಾವತಿ ಮುಟ್ಟೋ ಹೊತ್ತಿಗೆ ಮಣಿಕಟ್ಟು ಮರಗಟ್ಟಿ, ಕಾಫಿ ಲೋಟ ಹಿಡಿಯೋಕೂ ಆಗದ ಸ್ಥಿತಿ. ಗುಟ್ಟು ಇರೋದು ತೊಡೆಯಲ್ಲಿ. ಮೊಣಕಾಲಿನಿಂದ ಟ್ಯಾಂಕನ್ನು ಅಪ್ಪಿ ಹಿಡಿದು, ಸೊಂಟದ ಮೇಲಿನ ಭಾರವನ್ನು ಹೊಟ್ಟೆ, ಬೆನ್ನಿನ ಸ್ನಾಯುಗಳು ಹೊತ್ತರೆ ಕೈ ಹಗುರಾಗುತ್ತೆ; ಮೊಣಕೈ ಸ್ವಲ್ಪ ಮಡಚಿರಬೇಕು. ಭಾವನಿಗೆ ಟ್ಯಾಂಕಿನ ಹತ್ತಿರ ಸರಿಯೋಕೆ ಒಂದೇ ಅಡ್ಡಿ. ಟ್ಯಾಂಕು ಹನ್ನೊಂದು ಲೀಟರಿನದು, ಅದರ ಮೇಲೆ ಕೂತ ಹೊಟ್ಟೆ ಎಷ್ಟು ಲೀಟರಿನದೋ ಯಾವ ಕಂಪನಿಯೂ ಬರೆದಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಡಾಕ್ಟರು ಹೇಳಿದರೂ, ಅಕ್ಕ ಹೇಳಿದರೂ ಬೆಳಗಿನ ವಾಕಿಂಗಿಗೆ ಏಳದವರು ಬೈಕಿಗೋಸ್ಕರ ಎದ್ದು ನಡೆಯೋಕೆ ಶುರು ಮಾಡಿದ್ದಾರೆ.

ಅಕ್ಕನ ಕಷ್ಟ ಬೇರೆ. ಹಿಂದಿನ ಸೀಟಿಗೆ ಹೋಗೋದು ಅಂದರೆ ಅಟ್ಟ ಹತ್ತಿದ ಹಾಗೆ. ಅದೂ ಸೀರೆ ಉಟ್ಟುಕೊಂಡು. ಇಂಥ ರೇಸಿನ ಅವತಾರದ ಬೈಕಿಗೂ ಸೀರೆ ಗಾರ್ಡು ಇದೆ, ಗಮನಿಸಿದ್ದೀರಾ? ಅದು ಕಂಪನಿಯವರ ಕರುಣೆಯಲ್ಲ, ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಅದರ 123ನೇ ನಿಯಮದ ಪ್ರಕಾರ ಹಿಂದೆ ಕೂತವರಿಗೆ ಹಿಡಿಕೆ ಬೇಕು, ಕಾಲಿಡೋಕೆ ಜಾಗ ಬೇಕು, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಬೇಕು. ಮಗ "ಲುಕ್ಕು ಹಾಳಾಗುತ್ತೆ, ಬಿಚ್ಚಿಸೋಣ" ಅಂದ. ಅಕ್ಕ ಅವನನ್ನೂ ನೋಡಿದಳು, ಅವನಪ್ಪನನ್ನೂ ನೋಡಿದಳು. ಗಾರ್ಡು ಅಲ್ಲೇ ಇದೆ.

ಊರೊಳಗೆ ಬಂದರೆ ಪರೀಕ್ಷೆ ಇನ್ನೂ ಕಠಿಣ. ಈ ಬೈಕುಗಳ ಹ್ಯಾಂಡಲ್ಲು ಪೂರ್ತಿ ತಿರುಗೋದಿಲ್ಲ, ಕವಚಕ್ಕೂ ಟ್ಯಾಂಕಿಗೂ ತಾಗುತ್ತೆ. ಸ್ಪ್ಲೆಂಡರಿನಲ್ಲಿ ನಿಂತ ಜಾಗದಲ್ಲೇ ಹೊರಳುತ್ತಿದ್ದ ಭಾವ, ಈಗ ದುರ್ಗಿಗುಡಿಯಲ್ಲಿ ಯು ಟರ್ನ್ ತಗೊಳ್ಳೋಕೆ ಅರ್ಧ ತಿರುಗಿಸಿ, ಕಾಲಲ್ಲಿ ಹಿಂದಕ್ಕೆ ನೂಕಿ, ಮತ್ತೆ ಮುಂದಕ್ಕೆ ಹೋಗಿ, ಅಷ್ಟರಲ್ಲಿ ಎರಡೂ ಕಡೆ ಆಟೋದವರಿಂದ ಆಶೀರ್ವಾದ ಪಡೆದು ಮುಗಿಸಬೇಕು. ಗೋಪಿ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದ ಗಳಿಗೆಯಲ್ಲೇ ಎಂಜಿನ್ನು ಆಫ್ ಆಗುತ್ತೆ. ಆಫ್ ಆದದ್ದೇ ತಡ, ಭಾವನ ಬಲಗಾಲು ಇಲ್ಲದ ಕಿಕ್ಕರನ್ನು ಹುಡುಕುತ್ತೆ. ಒಂದು ದಿನ ಊಟಕ್ಕೆ ಕೂತಾಗ ಭಾವ, "ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲೇ ಡಕಾರ್ ರ‍್ಯಾಲಿ ಮುಗಿಸಿ ಬಂದರು, ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ ಕೂಡ ಡಕಾರ್ ಓಡಿಸಿದವರು. ಕನ್ನಡಿಗರ ರಕ್ತದಲ್ಲೇ ಇದೆ ಇದು" ಅಂದರು. ಅಕ್ಕ ಸಾರು ಬಡಿಸುತ್ತಾ, "ಸಂಜೆ ಆರಕ್ಕೆ ದುರ್ಗಿಗುಡಿಯಲ್ಲಿ ಯು ಟರ್ನ್ ತಗೊಳ್ಳಿ ಅಂತ ಅವರಿಗೂ ಹೇಳಿ ನೋಡೋಣ" ಅಂದಳು.

ಆದರೆ ಭದ್ರಾವತಿ ರಸ್ತೆ ಮಾತ್ರ ಭಾವನ ತವರು. ಸುಮಾರು ಇಪ್ಪತ್ತು ಕಿಲೋಮೀಟರು, ಕಣ್ಣು ಮುಚ್ಚಿ ಓಡಿಸ್ತೀನಿ ಅಂತಿದ್ದರು. ಕಷ್ಟ ಇದ್ದದ್ದೇ ಅಲ್ಲಿ: ಕಣ್ಣು ಮುಚ್ಚಿದರೆ ಅವರಿಗೆ ಕಾಣೋದು ಹಳೇ ರಸ್ತೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ, ಶಿಫ್ಟು ಬಿಟ್ಟರೆ ರಸ್ತೆ ತುಂಬ ಸೈಕಲ್ಲು. ಕಡದಕಟ್ಟೆ ರೈಲ್ವೆ ಗೇಟು ಬಿದ್ದರೆ ಎಂಜಿನ್ನು ಆರಿಸಿ ಕಡ್ಲೆಕಾಯಿ ತಿಂದು ಮುಗಿಸೋವರೆಗೂ ಏಳ್ತಿರಲಿಲ್ಲ. ಆರ್‌ಎಕ್ಸ್ ಎಷ್ಟೇ ಹಾರಾಡಿದರೂ ಸೈಕಲ್ಲಿನ ಹಿಂದೆ ಹೋಗಲೇಬೇಕಿತ್ತು. ಈಗ ಕಾಗದದ ಕಾರ್ಖಾನೆ ನಿಂತೇ ಹೋಗಿದೆ, ಆ ಸೈಕಲ್ಲುಗಳ ಸಾಲೂ ಇಲ್ಲ. ಬದಲಿಗೆ ರಾಂಗ್ ಸೈಡಿನಲ್ಲಿ ಬರೋ ಸ್ಕೂಟಿ, ಹುಲ್ಲು ಹೇರಿದ ಟ್ರ್ಯಾಕ್ಟರು, ಎಚ್ಚರಿಕೆ ಕೊಡದೆ ಎದ್ದು ನಿಲ್ಲೋ ಹಂಪು.

ಮತ್ತೆ ಗುಂಡಿ. ಗುಂಡಿಯ ವಿಷಯದಲ್ಲಿ ಒಂದು ಸೂತ್ರ ಇದೆ: ನೋಡಿದ ಕಡೆಗೇ ಬೈಕು ಹೋಗುತ್ತೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳ್ತೀರಿ. ಪಕ್ಕದ ಒಳ್ಳೇ ರಸ್ತೆ ನೋಡಿದರೆ ಅಲ್ಲಿಗೆ ಹೋಗ್ತೀರಿ. ವೇಗದಲ್ಲಿದ್ದಾಗ ತಿರುಗಿಸೋದೂ ವಿಚಿತ್ರ. ಎಡಕ್ಕೆ ಬಾಗಬೇಕಾದರೆ ಎಡಗಡೆ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ಬಲಕ್ಕಾದರೆ ಬಲದ್ದು. ಸೈಕಲ್ಲಿಂದ ಹಿಡಿದು ನಾವೆಲ್ಲ ತಿಳೀದೇ ಮಾಡ್ತಾ ಬಂದಿರೋದು ಇದನ್ನೇ. ಆದರೆ ಅದನ್ನು ತಿಳಿದು ಮಾಡೋಕೆ ಹೊರಟ ದಿನ ಭಾವ ನಿದಿಗೆ ತಿರುವಿನಲ್ಲಿ ಒಂದು ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಸೂತ್ರ ನಿಜ ಅನ್ನೋದು ಅವರಿಗೂ ಎಮ್ಮೆಗೂ ಒಟ್ಟಿಗೇ ಗೊತ್ತಾಯ್ತು. ದಾರಿ ಬಿಟ್ಟದ್ದು ಎಮ್ಮೆ.

ಭದ್ರಾವತಿಯ ರಂಗಪ್ಪ ಸರ್ಕಲ್ಲಿನ ಹತ್ತಿರ ಹಳೇ ಸ್ನೇಹಿತರು ಬೈಕಿನ ಸುತ್ತ ಸೇರಿದರು. ಆರು ಗೇರು, ಎಬಿಎಸ್ಸು, ಸ್ಲಿಪ್ಪರ್ ಕ್ಲಚ್ಚು ಅಂತ ಭಾವ ವರ್ಣನೆ ಮುಗಿಸಿದ ಮೇಲೆ ಕರ್ನಾಟಕದ ಗಂಡಸು ಕೇಳಲೇಬೇಕಾದ ಪ್ರಶ್ನೆ ಬಂತು: "ಎಷ್ಟು ಕೊಡುತ್ತೆ?"

"ನಲವತ್ತು ಕೊಡುತ್ತೆ" ಅಂದರು ಭಾವ, ಸ್ವಲ್ಪ ಮೆಲ್ಲಗೆ.

"ನಂದು ಅರವತ್ತೈದು ಕೊಡುತ್ತೆ ಮಾರಾಯ. ಅದೂ ನೆಟ್ಟಗೆ ಕೂತ್ಕೊಂಡೇ" ಅಂದ ಒಬ್ಬ ಸ್ಪ್ಲೆಂಡರಿನ ಸ್ನೇಹಿತ.

ನಿಧಾನ ಯಾಕೆ ಓಡಿಸ್ತೀರಿ ಅಂತ ಯಾರಾದರೂ ಕೇಳಿದರೆ ಭಾವನ ಹತ್ತಿರ ಉತ್ತರ ಸಿದ್ಧ: "ರನ್ನಿಂಗ್ ಇನ್ ಕಣೋ. ಮೊದಲ ಸಾವಿರ ಕಿಲೋಮೀಟರು ಎಂಜಿನ್ ಇನ್ನೂ ಎಳೇದು, ಹೊಸ ಟೈರಿನ ನುಣುಪೂ ಹೋಗಿರೋದಿಲ್ಲ." ಮಾತು ಸುಳ್ಳಲ್ಲ. ಆದರೆ ಎಳೇದು ಎಂಜಿನ್ನೋ ಸವಾರನೋ ಅನ್ನೋದನ್ನು ಅವರು ಬಿಡಿಸಿ ಹೇಳೋದಿಲ್ಲ. ಲೈಸೆನ್ಸಿನಲ್ಲಂತೂ ಗೇರಿನ ಬೈಕು ಅಂತ ಒಂದೇ ವರ್ಗ. ಕಾನೂನಿನ ಕಣ್ಣಿಗೆ ನೂರು ಸಿಸಿಯೂ ಒಂದೇ, ಮುನ್ನೂರೂ ಒಂದೇ. ಹಾಗಾಗಿ ವ್ಯತ್ಯಾಸವನ್ನು ಸವಾರನೇ ಕಂಡುಕೊಳ್ಳಬೇಕು. ಆ ಸಾವಿರ ಕಿಲೋಮೀಟರು ಬೈಕಿಗಿಂತ ಹೆಚ್ಚಾಗಿ ಬೇಕಿರೋದು ನಮ್ಮ ವಯಸ್ಸಿನವರಿಗೇ.

ಪಳಗಿದ್ದಕ್ಕೆ ಗುರುತು ಏನು ಅಂತ ಕೇಳಿದರೆ ನಾನು ವೇಗ ಹೇಳೋದಿಲ್ಲ. ಬೈಕಿನ ಮೇಲಿದ್ದು ಬೈಕಿನ ಯೋಚನೆ ಬಿಟ್ಟರೆ ಪಳಗಿದ ಅಂತ ಅರ್ಥ. ಮೊನ್ನೆ ಅಕ್ಕ ಗಾಂಧಿ ಬಜಾರಿಗೆ ತರಕಾರಿಗೆ ಕಳಿಸಿದಳು. ಈ ಬೈಕಿನಲ್ಲಿ ಚೀಲ ತಗಲಿಸೋಕೆ ಕೊಕ್ಕೆ ಇಲ್ಲ. ಮಗನ ಕಾಲೇಜು ಬ್ಯಾಗು ಬೆನ್ನಿಗೇರಿಸಿ, ಜಿಪ್ಪಿನ ಸಂದಿಯಿಂದ ಹೆಲ್ಮೆಟ್ಟಿಗಿಂತ ಎತ್ತರ ನುಗ್ಗೇಕಾಯಿ ನಿಲ್ಲಿಸಿಕೊಂಡು, ಭಾವ ಬಾಗಿ ಕೂತು ನಮ್ಮ ಬೀದಿಗೆ ತಿರುಗಿದರು. ಗೇರು ಸರಿಯಾಗಿ ಇಳೀತು, ಮುಂದಿನ ಬ್ರೇಕು ಮೆತ್ತಗೆ ಹಿಡೀತು, ಗೇಟಿನ ಮುಂದೆ ಸರಿಯಾಗಿ ನಿಂತರು.

"ಭಾವ, ಬೈಕು ಹೇಗೆ ಹೋಯ್ತು?" ಅಂದೆ.

"ಬೈಕಾ? ಅದು ಹೋಗುತ್ತೆ ಬಿಡು. ನುಗ್ಗೇಕಾಯಿ ರೇಟು ಕೇಳಿದ್ಯೇನೋ ಮಾರಾಯ?" ಅಂದರು.

ಅಕ್ಕ ಬ್ಯಾಗು ಖಾಲಿ ಮಾಡಿ, "ಕೊತ್ತಂಬರಿ ಸೊಪ್ಪೇ ತಂದಿಲ್ಲ ನೋಡು" ಅಂದಳು. ಕೊತ್ತಂಬರಿ ಸೊಪ್ಪು ನಮ್ಮ ಬೀದಿ ಕೊನೆಯ ಅಂಗಡಿಯಲ್ಲೂ ಸಿಗುತ್ತೆ. ಭಾವ ಒಂದೂ ಮಾತಾಡದೆ ಮತ್ತೆ ಹೆಲ್ಮೆಟ್ಟು ಹಾಕಿಕೊಂಡು ಗಾಂಧಿ ಬಜಾರಿಗೇ ಹೊರಟರು.