ಒಂದೇ ಸಂಬಳಕ್ಕೆ ಮೂರು ಉದ್ಯೋಗ ಮಾಡುವ ವಿಧಾನ

ಮೊದಲು ಒಂದು ಬಿ.ಎಸ್ಸಿ. ಮುಗಿಸಿ. ವಿಷಯ ಯಾವುದಾದರೂ ನಡೆಯುತ್ತದೆ. ಆಮೇಲೆ ತಾಲ್ಲೂಕು ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನಡೆಯುವ ಮೂರು ತಿಂಗಳ ಟ್ಯಾಲಿ ಕೋರ್ಸಿಗೆ ಸೇರಿ, ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿಟ್ಟುಕೊಳ್ಳಿ. ಬಿಡುವಿದ್ದಾಗ ಪತ್ರಿಕೆಗಳಿಗೆ 'ನಿಂಬೆಹಣ್ಣಿನ ಹತ್ತು ಉಪಯೋಗ'ದಂಥ ಲೇಖನ ಕಳಿಸಿ. ಅಚ್ಚಾದರೆ ಕತ್ತರಿಸಿ ಫೈಲಿಗೆ ಹಾಕಿ, ಆಗದಿದ್ದರೆ 'ಪ್ರಕಟಣೆಯ ಹಂತದಲ್ಲಿದೆ' ಎಂದು ಬರೆದುಕೊಳ್ಳಿ. ಇಷ್ಟಾದರೆ ಆರೋಗ್ಯ ಶಿಕ್ಷಣ, ವಿಜ್ಞಾನ ಬರವಣಿಗೆ, ಲೆಕ್ಕಪತ್ರ ಮೂರೂ ಬಲ್ಲ ಅಪರೂಪದ ವ್ಯಕ್ತಿ ನೀವು. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು ನಿಮ್ಮಂಥವರನ್ನೇ ದುರ್ಬೀನು ಹಿಡಿದು ಹುಡುಕುತ್ತಿರುತ್ತವೆ.

ಸಂದರ್ಶನದಲ್ಲಿ 'ಮೂರು ಕೆಲಸಕ್ಕೆ ಮೂರು ಜನ ಬೇಡವೇ' ಎಂದು ಕೇಳಿ ಕೆಲಸ ಕೆಡಿಸಿಕೊಳ್ಳಬೇಡಿ. ಕಾರಣ ನಾನೇ ಹೇಳುತ್ತೇನೆ. ಹೊರದೇಶದ ದೇಣಿಗೆ ಬರುವ ಸಂಸ್ಥೆಗಳು ಎಫ್‌ಸಿಆರ್‌ಎ ಕಾಯ್ದೆಗೆ ಒಳಪಟ್ಟಿವೆ. ಆ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲು ಮೊದಲು ನೂರಕ್ಕೆ 50 ಇತ್ತು. 2020ರ ತಿದ್ದುಪಡಿ ಅದನ್ನು 20ಕ್ಕೆ ಇಳಿಸಿತು. ನಿಯಮದ ಪ್ರಕಾರ ಲೆಕ್ಕ ಬರೆಯುವ ಖರ್ಚೂ ಆಡಳಿತ, ವರದಿ ಬರೆಯುವ ಖರ್ಚೂ ಆಡಳಿತ. ಊರಿಗೆ ಹೋಗಿ ಕೈ ತೊಳೆಯುವುದನ್ನು ಕಲಿಸಿದರೆ ಅದು ಕಾರ್ಯಕ್ರಮ. ಆದ್ದರಿಂದ ಲೆಕ್ಕಿಗನೂ ಬರಹಗಾರನೂ ಕೈ ತೊಳೆಸುವವನ ವೇಷದಲ್ಲೇ ಒಳಗೆ ಬರಬೇಕು. ನೇಮಕಾತಿ ಪತ್ರದಲ್ಲಿ 'ಸಮುದಾಯ ಆರೋಗ್ಯ ಸಂಚಾಲಕ' ಎಂದಿರುವುದನ್ನು ನೋಡಿ ಸಹಿ ಮಾಡಿ. ಬೆಳಗ್ಗೆ ಊರು ಸುತ್ತಿ, ಮಧ್ಯಾಹ್ನ ಕರಪತ್ರ ಬರೆಯಿರಿ, ರಾತ್ರಿ ಟ್ಯಾಲಿಗೆ ಕೂರಿ. ಸಂಬಳ ಬೆಳಗಿನದ್ದು ಮಾತ್ರ.

ವರ್ಷದ ಯೋಜನೆ ಹಾಕುವಾಗ ಕಾಯಿಲೆ ಯಾವಾಗ ಬರುತ್ತದೆಂದು ನೋಡಬೇಡಿ, ಕ್ಯಾಲೆಂಡರ್ ನೋಡಿ. ಮೇ 16 ರಾಷ್ಟ್ರೀಯ ಡೆಂಗಿ ದಿನ. ಅಂದು ಶಾಲೆ ಮಕ್ಕಳಿರುವುದಿಲ್ಲ ಎಂದು ಚಿಂತಿಸಬೇಡಿ, ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದವರನ್ನು ಸೇರಿಸಿ ಜಾಥಾ ಮುಗಿಸಿಬಿಡಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಒಂದು ವಾರ, ಹತ್ತು ದಿನ ಸಾಕು; ಹಾಗಾಗಿ ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು ಬರಿದು ಮಾಡಿ ಉಜ್ಜಬೇಕು. ಅದೆಲ್ಲ ನಿಜವೇ. ಆದರೆ ವಾರವಾರ ಹೋಗಿ ಊರವರ ತೊಟ್ಟಿ ಬಗ್ಗಿ ನೋಡುವುದಕ್ಕೆ ಬ್ಯಾನರ್ ಇಲ್ಲ, ಬ್ಯಾನರ್ ಇಲ್ಲದ ಕೆಲಸಕ್ಕೆ ಬಿಲ್ ಇಲ್ಲ. ಅಕ್ಟೋಬರ್ 15 ಕೈ ತೊಳೆಯುವ ದಿನ. ನಲ್ಲಿಯಲ್ಲಿ ನೀರು ಬಾರದ ಶಾಲೆಯಾದರೆ ತೊಳೆಯುವ ಅಭಿನಯ ಮಾಡಿಸಿ, ಫೋಟೊದಲ್ಲಿ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮಾರ್ಚ್ 24ರ ಕ್ಷಯ ದಿನವನ್ನು ನೆನಪಿಡಿ. 1882ರಲ್ಲಿ ಅದೇ ದಿನ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಪತ್ತೆ ಮಾಡಿರುವುದಾಗಿ ಸಾರಿದ. ನಮ್ಮ ಆರ್ಥಿಕ ವರ್ಷ ಮುಗಿಯಲು ಸರಿಯಾಗಿ ಒಂದು ವಾರ ಇರುವಂತೆ ನೋಡಿಕೊಂಡ ಆ ಪುಣ್ಯಾತ್ಮನಿಗೆ ಕೈ ಮುಗಿದು, ಉಳಿದ ಹಣವನ್ನೆಲ್ಲ ಆ ವಾರ ಖಾಲಿ ಮಾಡಿ.

ಬ್ಯಾನರ್ ಮಾಡಿಸುವಾಗ ದಿನಾಂಕ ಹಾಕಿಸಬೇಡಿ, ಊರಿನ ಹೆಸರೂ ಬೇಡ. ಅಲ್ಲಿ ಎರಡು ಬಿಳಿ ಚೌಕ ಬಿಡಿಸಿ, ಕಾಗದದ ಚೀಟಿ ಅಂಟಿಸಿ. ಒಂದೇ ಬ್ಯಾನರಿನಲ್ಲಿ ಹೋಬಳಿಯೇ ಜಾಗೃತವಾಗುತ್ತದೆ. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಆದ್ದರಿಂದ ಕಾನೂನು ಪಾಲಿಸಿ: ಫ್ಲೆಕ್ಸ್ ಮಾಡಿಸಿ, ಬಿಲ್ಲಿನಲ್ಲಿ 'ಬಟ್ಟೆ ಬ್ಯಾನರ್' ಎಂದು ಬರೆಸಿ. ಫೋಟೊ ತೆಗೆಯುವಾಗ ಹಿಂದೆ ಸರಿಯಬೇಡಿ, ಮುಂದಕ್ಕೆ ಹೋಗಿ. ಒಂಬತ್ತು ಜನರನ್ನು ಒತ್ತೊತ್ತಾಗಿ ಕೂರಿಸಿ ಹತ್ತಿರದಿಂದ ತೆಗೆದರೆ ಅರವತ್ತು ಜನರ ಸಭೆ. ದೂರದಿಂದ ತೆಗೆದರೆ ಒಂಬತ್ತು ಜನ ಮತ್ತು ಒಂದು ಖಾಲಿ ಸಮುದಾಯ ಭವನ. ಮೂಲೆಯಲ್ಲಿ ಜಿಪಿಎಸ್ ಅಕ್ಷಾಂಶ ರೇಖಾಂಶ ಬಿದ್ದಿದೆಯೇ ನೋಡಿಕೊಳ್ಳಿ. ಉಪಗ್ರಹಕ್ಕೆ ಜಾಗ ಗೊತ್ತು, ತಲೆ ಎಣಿಸಲು ಬಾರದು.

ಈಗ ರಕ್ತಹೀನತೆಗೆ ಬನ್ನಿ. ವೃತ್ತಿಯ ತಿರುಳೇ ಇದು, ಸ್ವಲ್ಪ ನಿಧಾನವಾಗಿ ಕಲಿಯಿರಿ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯ ಪ್ರಕಾರ ಬಸುರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕೆಂಪು ಮಾತ್ರೆ ಕೊಡಬೇಕು, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ. ನಿಮ್ಮ ದಾಸ್ತಾನು ಪುಸ್ತಕದಲ್ಲಿ 'ಬಂದದ್ದು', 'ಕೊಟ್ಟದ್ದು', 'ಉಳಿದದ್ದು' ಎಂಬ ಮೂರು ಕಾಲಂ ಇರುತ್ತವೆ. 'ನುಂಗಿದ್ದು' ಎಂಬ ನಾಲ್ಕನೆಯ ಗೆರೆ ಎಳೆಯುವ ಆಸೆ ಬಂದರೆ ಪೆನ್ನನ್ನು ಜೇಬಿಗೆ ಇಟ್ಟುಕೊಳ್ಳಿ. ಆ ಕಾಲಂ ತುಂಬಬೇಕಾದರೆ ಮನೆಯೊಳಗೆ ಹೋಗಬೇಕು. ಹೋದರೆ ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಮಾತ್ರೆಯ ಪಟ್ಟಿಗಳು ಕಾಣುತ್ತವೆ. ಮೊದಲ ಪಟ್ಟಿಯಲ್ಲಿ ಎರಡು ಗುಳಿ ಒಡೆದಿರುತ್ತವೆ, ಮಿಕ್ಕವು ತಂದಾಗ ಹೇಗಿದ್ದವೋ ಹಾಗೇ ಇರುತ್ತವೆ, ರಬ್ಬರ್ ಬ್ಯಾಂಡ್ ಸಮೇತ. ಅದನ್ನು ಕಂಡ ಮೇಲೆ ರಾತ್ರಿ ಟ್ಯಾಲಿ ಮುಂದೆ ಕೂತಾಗ ಮನಸ್ಸು ನಿಲ್ಲುವುದಿಲ್ಲ. ಜಗುಲಿಯಿಂದಲೇ ಹಿಂದಿರುಗಿ.

ಜಗುಲಿಯೂ ಪೂರ್ತಿ ಸುರಕ್ಷಿತವಲ್ಲ. ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾಳೆ.

"ಅಲ್ಲ ಕಣಪ್ಪ, ಆ ಕೆಂಪು ಗುಳಿಗೆ ನುಂಗುದ್ರೆ ಮಗ ಕರ್ರಗಾಯ್ತದಂತಲ್ಲ, ನಿಜ್ವಾ?"

"ಎಲ್ಲಾ ಕರಪತ್ರದಲ್ಲಿದೆ ಅಮ್ಮ, ಓದ್ಕೊಳ್ಳಿ" ಎಂದು ಹೇಳಿ ಚಪ್ಪಲಿ ಮೆಟ್ಟಿ. ಕೂತು ಉತ್ತರಿಸಲು ಹೋದಿರೋ, ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಕಪ್ಪಗಾಗುವುದು ಮಲ ಮಾತ್ರ, ಅದು ಮೈಗೆ ಹತ್ತದೆ ಉಳಿದ ಕಬ್ಬಿಣ, ಹೆದರಬೇಕಿಲ್ಲ ಎನ್ನಬೇಕು. ಆಗ ಸೊಸೆ ಒಳಗಿನಿಂದಲೇ ಹೊಟ್ಟೆ ತೊಳಸುತ್ತದೆ ಅನ್ನುತ್ತಾಳೆ. ರಾತ್ರಿ ಊಟವಾದ ಮೇಲೆ ತಗೋ, ಟೀ ಕುಡಿಯುವುದಕ್ಕೂ ಮಾತ್ರೆಗೂ ಒಂದೆರಡು ಗಂಟೆ ಬಿಡು, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆರಸ ಹತ್ತಿಸುತ್ತದೆ ಎಂದು ಅವಳಿಗೂ ಹೇಳಬೇಕು. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಗೆ ವೋಚರ್ ಬರೆಯುವ ನಮೂನೆ ಇನ್ನೂ ಅಚ್ಚಾಗಿಲ್ಲ. ಅಷ್ಟು ಹೊತ್ತಿನಲ್ಲಿ ಹತ್ತು ಮನೆಗೆ ಪಟ್ಟಿ ಹಂಚಿ 1,800 ಮಾತ್ರೆ ಖರ್ಚು ಹಾಕಬಹುದು. ಲೆಕ್ಕ ಬಲ್ಲವರು ನೀವು, ಯಾವುದು ಲಾಭವೆಂದು ನೋಡಿಕೊಳ್ಳಿ.

ಮಧ್ಯಾಹ್ನದ ಕೆಲಸ ಬರವಣಿಗೆ. ಕರಪತ್ರದಲ್ಲಿ ಅಳತೆ ಕೊಡಬೇಡಿ. ಭೇದಿಯಾದ ಮಗುವಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆತಟ್ಟಾಗಿರಲಿ ಎಂದು ಬರೆದರೆ ಮನೆಯಲ್ಲಿ ಯಾರು ಬೇಕಾದರೂ ಕಲಸಿಬಿಡುತ್ತಾರೆ, ನಿಮಗೆ ಬೆಲೆ ಎಲ್ಲಿ? 'ಸೂಕ್ತ ಪ್ರಮಾಣದಲ್ಲಿ ಲವಣ ಹಾಗೂ ಶರ್ಕರವನ್ನು ಮಿಶ್ರಣಗೊಳಿಸತಕ್ಕದ್ದು' ಎಂದು ಬರೆಯಿರಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ ಎಂಬ ಮಾತು ಜನರನ್ನು ಹೆದರಿಸುತ್ತದೆ, ಬಿಟ್ಟುಬಿಡಿ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಕನ್ನಡದಲ್ಲಿ 'ವಿಜ್ಞಾನ' ಎಂಬ ಪತ್ರಿಕೆ ಹೊರಡಿಸಿ, ಓದಿದವನಿಗೆ ತಿಳಿಯಬೇಕು ಎಂದು ಒದ್ದಾಡಿದರು. ತ್ರೈಮಾಸಿಕ ಗುರಿ-ಸಾಧನೆ ಪಟ್ಟಿ ತುಂಬುವ ಕಷ್ಟ ಅವರಿಗಿರಲಿಲ್ಲ, ಅವರದು ಬೇರೆ ಕಾಲ.

ಅಂಕಿಗಳನ್ನು ಬಳಸುವಾಗ ಮಾತ್ರ ಪೂರ್ತಿ ಪ್ರಾಮಾಣಿಕರಾಗಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇಡೀ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ 47.8. ಹಣ ಕೇಳುವ ಪ್ರಸ್ತಾವನೆಯಲ್ಲಿ 57 ಹಾಕಿ, ವರ್ಷಾಂತ್ಯದ ವರದಿಯಲ್ಲಿ 47.8 ಹಾಕಿ. ಎರಡೂ ಸರ್ಕಾರದ ಅಂಕಿ, ಎರಡೂ ಸತ್ಯ, ನಡುವೆ ಕಾಣುವ ಇಳಿಕೆ ನಿಮ್ಮ ಸಾಧನೆ. ಇದೇ ಸಮೀಕ್ಷೆಯ 2015-16ರ ಸುತ್ತಿನಲ್ಲಿ ಕರ್ನಾಟಕದ ಅಂಕಿ 44.8 ಇತ್ತು, ಅಂದರೆ ಆಮೇಲೆ ಏರಿದೆ. ಆ ಪುಟವನ್ನು ಮಡಚಿಡಿ.

ವರದಿಯ ಜತೆ ಒಂದು ಯಶೋಗಾಥೆ ಕೇಳುತ್ತಾರೆ. ಹಿಮೋಗ್ಲೋಬಿನ್ ಎಂಟಿದ್ದ ಒಬ್ಬ ಬಸುರಿಯನ್ನು ಆರಿಸಿ, ಮತ್ತೆ ಪರೀಕ್ಷೆ ಮಾಡಿಸಬೇಡಿ. ಎಂಟೇ ಇದ್ದುಬಿಟ್ಟರೆ ಕಥೆ ಕೆಡುತ್ತದೆ. ಹನ್ನೊಂದು ದಾಟಿದರೆ ಬಸುರಿಗೆ ರಕ್ತಹೀನತೆ ಇಲ್ಲವೆಂದು ಲೆಕ್ಕ, ಹಾಗಾಗಿ 11.2 ಎಂದು ಬರೆಯಿರಿ. ಬರೀ 11 ಎಂದು ಬರೆಯುವವರು ಈ ವೃತ್ತಿಗೆ ಹೊಸಬರು. ದಶಮಾಂಶ ಚುಕ್ಕಿಯಷ್ಟು ನಂಬಿಕೆ ಹುಟ್ಟಿಸುವ ಚಿಹ್ನೆ ವಿಜ್ಞಾನದಲ್ಲಿ ಇನ್ನೊಂದಿಲ್ಲ.

ರಾತ್ರಿ ಲೆಕ್ಕಕ್ಕೆ ಕೂತಾಗ ನಿಮ್ಮೊಳಗಿನ ವಿಜ್ಞಾನ ಲೇಖಕನನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯವರು ತಕರಾರು ತೆಗೆಯುತ್ತಾರೆಂದು ಸಾಮಾನ್ಯ ಲೆಕ್ಕಿಗ ಶಾಮಿಯಾನಕ್ಕೆ 9,800, ಊಟಕ್ಕೆ 9,750, ಬೀದಿ ನಾಟಕಕ್ಕೆ 9,900 ಎಂದು ಬರೆದು ನೆಮ್ಮದಿಯಾಗಿ ಮಲಗುತ್ತಾನೆ. ಅವನು ಬೆನ್‌ಫೋರ್ಡನನ್ನು ಓದಿಲ್ಲ. ಲಾಗರಿತಮ್ ಪುಸ್ತಕದಲ್ಲಿ ಮೊದಲ ಪುಟಗಳೇ ಹೆಚ್ಚು ಸವೆದಿರುವುದನ್ನು 1881ರಲ್ಲಿ ಸೈಮನ್ ನ್ಯೂಕೋಂಬ್ ಗಮನಿಸಿದ. 1938ರಲ್ಲಿ ಫ್ರಾಂಕ್ ಬೆನ್‌ಫೋರ್ಡ್ ನದಿಗಳ ವಿಸ್ತೀರ್ಣ, ಊರುಗಳ ಜನಸಂಖ್ಯೆ ಎಲ್ಲ ಕಲೆಹಾಕಿ ಅದನ್ನೇ ತೋರಿಸಿದ. ತಾನಾಗಿ ಹುಟ್ಟಿದ ಅಂಕಿಗಳಲ್ಲಿ ನೂರಕ್ಕೆ ಸುಮಾರು 30 ಒಂದರಿಂದ ಶುರುವಾಗುತ್ತವೆ, ಒಂಬತ್ತರಿಂದ ಶುರುವಾಗುವುದು ಐದಕ್ಕಿಂತ ಕಡಿಮೆ. ಒಂಬತ್ತೇ ತುಂಬಿದ ನಗದು ಪುಸ್ತಕವನ್ನು ಬುದ್ಧಿವಂತ ಆಡಿಟರ್ ದೂರದಿಂದಲೇ ಗುರುತಿಸುತ್ತಾನೆ. ಆದ್ದರಿಂದ ಶಾಮಿಯಾನವನ್ನು ಒಡೆದು ಕಂಬಕ್ಕೆ 1,340, ಜಮಖಾನಕ್ಕೆ 1,175, ಕುರ್ಚಿ ಸಾಗಣೆಗೆ 1,620 ಮಾಡಿ. ವಿಜ್ಞಾನ ಸಾಹಿತ್ಯ ಓದಿದ್ದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದನ್ನು ತೋರಿಸಿ.

ಹಾಜರಾತಿಯಲ್ಲಿ ನಲವತ್ತು ಸಹಿ, ಟೀ-ಬಿಸ್ಕತ್ತಿನ ಬಿಲ್ಲಿನಲ್ಲಿ ಅರವತ್ತು ಜನ, ಫೋಟೊದಲ್ಲಿ ಒಂಬತ್ತು ತಲೆ ಬಂದರೆ ಗಾಬರಿಯಾಗಬೇಡಿ. ಮೂರನ್ನೂ ಮೂರು ಫೈಲಿನಲ್ಲಿಟ್ಟು, ಒಂದು ಮೇಜಿನ ಮೇಲೆ ಒಮ್ಮೆಗೆ ಒಂದೇ ಫೈಲ್ ಬಿಚ್ಚಿ. ಮೂರು ಕೆಲಸಕ್ಕೆ ಮೂವರಿದ್ದಿದ್ದರೆ ದಿನಾ ಜಗಳ. ಅರವತ್ತು ಬಿಸ್ಕತ್ತು ಯಾರು ತಿಂದರು ಎಂದು ಲೆಕ್ಕಿಗ ಕೇಳುತ್ತಿದ್ದ, ಆ ಹುಡುಗಿಗೆ 11.2 ಯಾವತ್ತು ಬಂತು ಎಂದು ಊರು ಸುತ್ತುವವಳು ಬರಹಗಾರನನ್ನು ಕೇಳುತ್ತಿದ್ದಳು. ಈಗ ಕೇಳುವವರೂ ನೀವೇ, ಹೇಳುವವರೂ ನೀವೇ. ನಿಮ್ಮ ನಿಮ್ಮಲ್ಲಿ ಹೊಂದಿಕೊಂಡು ಹೋಗಿ.

ಹಣ ಬಳಕೆಯ ಪ್ರಮಾಣಪತ್ರ, ಅಂದರೆ ಯುಸಿ, ಬರೆಯುವುದು ಸುಲಭ. ಮಂಜೂರಾದ ಉದ್ದೇಶಕ್ಕೇ ಹಣ ಬಳಕೆಯಾಗಿದೆ ಎಂಬ ಸಾಲು ಅಚ್ಚಾಗಿಯೇ ಬಂದಿರುತ್ತದೆ, ಮೊತ್ತ ತುಂಬಿ ಸೀಲ್ ಒತ್ತಿಸಿ.

ಏಪ್ರಿಲ್ ಮೊದಲ ವಾರ ಉಗ್ರಾಣ ಖಾಲಿ ಮಾಡಿ. ಹಂಚದೆ ಉಳಿದ ಕರಪತ್ರದ ಕಟ್ಟುಗಳು ಗೋಡೆಯ ಎತ್ತರಕ್ಕಿರುತ್ತವೆ. ಪುಸ್ತಕದಲ್ಲಿ ಅವು ಈಗಾಗಲೇ ಮನೆಮನೆ ತಲುಪಿರುವುದರಿಂದ ಇಟ್ಟುಕೊಳ್ಳುವಂತಿಲ್ಲ. ರದ್ದಿಯವನನ್ನು ಕರೆಸಿ ಕಿಲೋ ಲೆಕ್ಕದಲ್ಲಿ ತೂಗಿಸಿ, ಚೀಟಿ ಕೇಳಿ ಪಡೆಯಿರಿ, ಬಂದ ಹಣವನ್ನು 'ಇತರೆ ಆದಾಯ'ದಲ್ಲಿ ಪೈಸೆ ಬಿಡದೆ ಜಮೆ ಮಾಡಿ. ತೂಗುವಾಗ ಎದುರಿಗೇ ನಿಂತಿರಿ. ಈ ರದ್ದಿಯವರು ತಕ್ಕಡಿ ತಟ್ಟೆಗೆ ಬೆರಳು ಆನಿಸಿ ತೂಕ ಹೊಡೆಯುತ್ತಾರೆ. ಕಂಡರೆ ಅಲ್ಲೇ ಕೈ ಹಿಡಿದು ನಿಲ್ಲಿಸಿ, ಇಂಥ ಮೋಸ ನಮ್ಮ ಹತ್ತಿರ ನಡೆಯುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿ.