ಹುಲ್ಲಿನ ಮೇಲೆ ನಡೆಯೋಣ ಬನ್ನಿ

ಬೆಳಗ್ಗೆ ನಮ್ಮನೆ ಗಲಾಟೆ ಬೇಲಿಯಾಚೆಗೂ ಕೇಳಿಸಿತಾ? ಜಗಳ ಅಲ್ಲರೀ, ಪ್ಲಾನು. ಶನಿವಾರ ಟೊರಾಂಟೊ ದ್ವೀಪವನ್ನು ಇಡೀ ದಿನ ನಡೆದೇ ಸುತ್ತಬೇಕಂತೆ. ಅಲ್ಲಿಗೆ ನಮ್ಮ ಕಾರು ಬರೋ ಹಾಗಿಲ್ಲ ಅಂದಾಗಲೇ ನನಗೆ ಅರ್ಧ ಊರಿಗೆ ಹೋದಷ್ಟು ಖುಷಿ. ಈ ಮಿಸಿಸಾಗಾದಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರು ತೆಗೀಬೇಕು.

ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು. ಟೈಮ್‌ಟೇಬಲ್ ಇಲ್ಲದೆ ಉಪ್ಪಿಟ್ಟೂ ಇಳಿಯಲ್ಲ. ಫೆರ್ರಿ ಹತ್ತಿದರೆ ಕಾಲು ಗಂಟೆ. ಹೋಗುವಾಗ ಟಿಕೆಟ್ ಕೊಂಡರಾಯಿತು, ವಾಪಸಿಗೆ ಕೇಳೋದಿಲ್ಲ. ಇಳಿಯೋಕೆ ಮೂರು ಕಡೆ: ಪಶ್ಚಿಮಕ್ಕೆ ಹ್ಯಾನ್‌ಲನ್ಸ್ ಪಾಯಿಂಟ್, ನಡುವೆ ಸೆಂಟರ್, ಪೂರ್ವಕ್ಕೆ ವಾರ್ಡ್ಸ್. ತುದಿಯಿಂದ ತುದಿಗೆ ಸುಮಾರು 5 ಕಿಲೋಮೀಟರ್. ಇವರಿಗೆ ಹ್ಯಾನ್‌ಲನ್ಸ್‌ನಿಂದಲೇ ಶುರು ಮಾಡಬೇಕಂತ ಹಟ. 1914ರಲ್ಲಿ ಬೇಬ್ ರೂತ್ ತನ್ನ ಮೊದಲ ವೃತ್ತಿಪರ ಹೋಮ್ ರನ್ ಹೊಡೆದ ಜಾಗವಂತೆ. ಕ್ರಿಕೆಟ್ ಬಿಟ್ಟು ಬೇರೆ ಚೆಂಡು ನೋಡದವರಿಗೆ ಇದೆಲ್ಲಿಯ ಭಕ್ತಿ ಅಂದುಕೊಂಡೆ. ಆಮೇಲೆ ಮಗಳು ಮೆತ್ತಗೆ ಹೇಳಿದಳು: ಅಲ್ಲಿನ ಬೀಚಿನ ಒಂದು ಭಾಗದಲ್ಲಿ ಬಟ್ಟೆ ಉಡೋದು ಬಿಡೋದು ಅವರವರ ಇಷ್ಟವಂತೆ! ಇವರು ಟೈಮ್‌ಟೇಬಲ್ ಮಡಚಿ ಜೇಬಿಗಿಟ್ಟರು.

ವಾರ್ಡ್ಸ್‌ನಿಂದ ಹೊರಡೋದು ಅಂತ ನಾನೇ ತೀರ್ಮಾನ ಮಾಡಿದೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತೆ, ಕಣ್ಣಿಗಲ್ಲ. ಅಲ್ಲಿ ಪುಟ್ಟ ಪುಟ್ಟ ಮನೆಗಳಿವೆ, ಜನ ಈಗಲೂ ವಾಸ ಇದ್ದಾರೆ. ಅವರ ಹೂದೋಟ ನೋಡದೆ ನಾನು ಕದಲೋಳಲ್ಲ. ಮುಂದೆ 1808ರ ದೀಪಸ್ತಂಭ. ಅದರ ಮೊದಲ ಕಾವಲುಗಾರ 1815ರಲ್ಲಿ ಕಾಣೆಯಾದನಂತೆ. ಕೊಲೆಯೇ ಅಂತಾರೆ, ದೆವ್ವವೂ ಇದೆ ಅಂತಾರೆ. ಮೊಮ್ಮಗನಿಗೆ ಬೇಕಾದ್ದು ಅದೊಂದೇ. ಹ್ಯಾನ್‌ಲನ್ಸ್ ಮುಟ್ಟೋ ಹೊತ್ತಿಗೆ ಇವರ ಮಂಡಿ ಸೋತಿರುತ್ತೆ, ನೇರ ದೋಣಿಗೆ.

ಅಂದಹಾಗೆ, ಇದು ಮೊದಲು ದ್ವೀಪವೇ ಅಲ್ಲವಂತೆ ಕಣ್ರೀ. ದಡಕ್ಕೆ ಅಂಟಿಕೊಂಡಿದ್ದ ಮರಳಿನ ನಾಲಿಗೆ. 1858ರ ಬಿರುಗಾಳಿ ಕತ್ತರಿಸಿ ಹಾಕಿತು, ಯಾವ ಪ್ಲಾನೂ ಇಲ್ಲದೆ. ಇವರಿಗೂ ಅದನ್ನೇ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಹಿಡಿಸಿದ್ದು ಮಾತ್ರ ಟಾಮಿ ಥಾಮ್ಸನ್ ಕಥೆ. ಟೊರಾಂಟೊದ ಪಾರ್ಕುಗಳ ಅಧಿಕಾರಿಯಾಗಿದ್ದ ಮನುಷ್ಯ, ‘ದಯವಿಟ್ಟು ಹುಲ್ಲಿನ ಮೇಲೆ ನಡೆಯಿರಿ’ ಅಂತ ಬೋರ್ಡು ಹಾಕಿಸಿದ್ದರಂತೆ! ನಮ್ಮೂರ ಪಾರ್ಕಿನಲ್ಲಿ ಹುಲ್ಲಿಗೆ ಕಾಲಿಟ್ಟು ಸೀಟಿ ಊದಿಸಿಕೊಂಡವಳು ನಾನು. ಶನಿವಾರ ಚಪ್ಪಲಿ ಬಿಟ್ಟೇ ನಡೀತೀನಿ.

ನೀವೂ ಬರೋದಾದರೆ ಇವತ್ತೇ ಹೇಳಿಬಿಡಿ, ಚಿತ್ರಾನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕ್ತೀನಿ.