ಕಬಡ್ಡಿಯವರ ಫುಟ್‌ಬಾಲ್

ನಮ್ಮ ಪೀಡಿ ಸಾರ್ ಮೂಲತಃ ಕಬಡ್ಡಿಯವರು. ಇವತ್ತಿಗೂ ಮೈದಾನಕ್ಕೆ ಇಳಿಯುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲತೊಡೆ ಒಂದು ಸಲ ತಟ್ಟಿಯೇ ಒಳಗೆ ಕಾಲಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಅವರು ಹಾಗೆ ಕಾಲಿಡುವುದು ಫುಟ್‌ಬಾಲ್ ಮೈದಾನಕ್ಕೆ ಅನ್ನುವುದೊಂದೇ ತೊಂದರೆ.

ಪೀಡಿ ಸಾರ್ ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಆ ಪೂರ್ತಿ ಹೆಸರು ಕೋಣೆಯ ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳ ಯಾವ ಡಿಗ್ರಿ ಕಾಲೇಜಿಗಾದರೂ ಹೋಗಿ ನೋಡಿ. ಕೊರಳಲ್ಲಿ ವಿಷಲ್, ಕಂಕುಳಲ್ಲಿ ಫೈಲು, ಕಾಲಿಗೆ ಸ್ಪೋರ್ಟ್ಸ್ ಶೂ, ಮೇಲೆ ಇಸ್ತ್ರಿ ಮಾಡಿದ ಫಾರ್ಮಲ್ ಪ್ಯಾಂಟು ತೊಟ್ಟ ಒಬ್ಬರು ಸಿಕ್ಕೇ ಸಿಗುತ್ತಾರೆ. ಅಡ್ಮಿಷನ್ ಕ್ಯೂ ನಿಲ್ಲಿಸುವವರು ಅವರೇ, ಆಗಸ್ಟ್ 15ಕ್ಕೆ ಬಾವುಟದ ಹಗ್ಗ ಕಟ್ಟುವವರು ಅವರೇ, ಗೇಟಿನ ಹತ್ತಿರ ಹುಡುಗರು ಕೈಕೈ ಮಿಲಾಯಿಸಿದರೆ ಬಿಡಿಸುವವರೂ ಅವರೇ. ಗಂಟಲು ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಕಾಲೇಜು ಈ ಎಲ್ಲವನ್ನೂ ಅವರ ತಲೆಗೆ ಕಟ್ಟಿದೆ. ಇವೆಲ್ಲ ಮುಗಿದು ಹೊತ್ತು ಮಿಕ್ಕಿದರೆ ಆಟ.

ನಮ್ಮಲ್ಲಿ ಆಟ ಅಂದರೆ ಕಬಡ್ಡಿ, ವಾಲಿಬಾಲ್, ಖೋಖೋ. ಫುಟ್‌ಬಾಲ್ ಬಂದದ್ದು ಕೆಜಿಎಫ್‌ನಿಂದ ಬಿ.ಕಾಂ.ಗೆ ಸೇರಿದ ನಾಲ್ಕು ಹುಡುಗರ ದೆಸೆಯಿಂದ. ಆ ಊರಿನ ಕಥೆಯೇ ಬೇರೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ಅಗೆಯಲು ಬಂತು, ಜೊತೆಗೆ ಕ್ಲಬ್ಬು, ಗಾಲ್ಫು, ಫುಟ್‌ಬಾಲು ಎಲ್ಲ ಬಂದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಂಪನಿ ಹೋಯಿತು, ಚಿನ್ನ ಹೋಯಿತು, ಚೆಂಡು ಉಳಿಯಿತು. ಅಲ್ಲಿನ ಹುಡುಗರಿಗೆ ನಡಿಗೆಯಲ್ಲೇ ಡ್ರಿಬ್ಲಿಂಗ್. ಆ ನಾಲ್ವರು ಪ್ರಾಂಶುಪಾಲರ ಕೋಣೆಗೆ ಹೋಗಿ "ಟೀಮ್ ಬೇಕು ಸಾರ್" ಅಂದರು. ಪ್ರಾಂಶುಪಾಲರು ಅರ್ಜಿಯ ಮೇಲೆ ಪೀಡಿ ಸಾರ್ ಹೆಸರು ಬರೆದು ಪಕ್ಕಕ್ಕಿಟ್ಟರು. ಕೋಚ್ ನೇಮಕ ಮುಗಿಯಿತು.

ದೊಡ್ಡ ಟೀಮುಗಳಲ್ಲಿ ಹೆಡ್ ಕೋಚು, ಅಸಿಸ್ಟೆಂಟ್ ಕೋಚು, ಗೋಲ್‌ಕೀಪರ್ ಕೋಚು, ಫಿಸಿಯೋ, ಲ್ಯಾಪ್‌ಟಾಪ್ ಹಿಡಿದ ಅನಲಿಸ್ಟು ಅಂತ ಒಂದು ಬೆಂಚಿನ ತುಂಬ ಜನ ಇರುತ್ತಾರಂತೆ. ನಮ್ಮ ಬೆಂಚನ್ನು ಪರೀಕ್ಷಾ ಕೊಠಡಿಯಿಂದ ಹೊತ್ತು ತರುತ್ತೇವೆ. ಅದರ ಮೇಲೆ ಕೂರುವವರು ಮೂರು ಜನ. ಒಬ್ಬರು ಪೀಡಿ ಸಾರ್. ಇನ್ನೊಬ್ಬರು ಅಟೆಂಡರ್ ಅಣ್ಣ. ಮೂರನೆಯವನು ನಾನು, ಕನ್ನಡ ಪಾಠ ಹೇಳುವ ಅತಿಥಿ ಉಪನ್ಯಾಸಕ. ಟೀಮ್ ಹೊರಗೆ ಹೋದರೆ ಜೊತೆಗೆ ಒಬ್ಬರು ಮ್ಯಾನೇಜರ್ ಬೇಕು. "ನೀವು ಹೆಂಗೂ ಖಾಲಿ ಇದ್ದೀರಲ್ಲ ಮೇಷ್ಟ್ರೇ" ಅಂದರು ಪೀಡಿ ಸಾರ್. ಇದಕ್ಕಿಂತ ಬೇರೆ ಅರ್ಹತೆ ನನಗೂ ಇರಲಿಲ್ಲ, ಕೇಳುವವರಿಗೂ ಬೇಕಿರಲಿಲ್ಲ.

ಅಟೆಂಡರ್ ಅಣ್ಣ ನಮ್ಮ ಫಿಸಿಯೋ. ಅವನ ಚೀಲದಲ್ಲಿ ಹರಳೆಣ್ಣೆ, ಅರಿಶಿನ, ಹಳೇ ಪಂಚೆಯಿಂದ ಹರಿದ ಪಟ್ಟಿ ಸದಾ ಇರುತ್ತವೆ. ಐಸು ಬೇಕಾದರೆ ಗೇಟಿನಾಚೆಯ ಕಬ್ಬಿನಹಾಲಿನ ಅಂಗಡಿ. ಅವನ ವೈದ್ಯದಲ್ಲಿ ಎರಡೇ ಮೆಟ್ಟಿಲು. ಮೊದಲನೆಯದು "ಏನೂ ಆಗಿಲ್ಲ, ಎದ್ದೇಳು." ಎರಡನೆಯದು "ಪುತ್ತೂರು ಕಟ್ಟು ಕಟ್ಟಿಸ್ಬೇಕು." ನಡುವೆ ಏನೂ ಇಲ್ಲ. ಮೂಳೆ ಮುರಿದರೆ ಗಡಿ ದಾಟಿ ಚಿತ್ತೂರು ಸೀಮೆಯ ಪುತ್ತೂರಿಗೆ ಹೋಗಿ ಕಟ್ಟು ಕಟ್ಟಿಸಿಕೊಂಡು ಬರುವುದು ನಮ್ಮ ಕಡೆ ತಲೆತಲಾಂತರದ ರೂಢಿ. ಹಾಗಾಗಿ ಅವನು ಆ ಎರಡನೇ ಮಾತು ತೆಗೆದ ಕೂಡಲೇ ಬಿದ್ದವನು ಎದ್ದು ಓಡುತ್ತಾನೆ. ಇಷ್ಟು ಬೇಗ ಗುಣ ಮಾಡುವ ಫಿಸಿಯೋ ಇನ್ನೊಬ್ಬನಿರಲಾರ.

ಪೀಡಿ ಸಾರ್ ಫುಟ್‌ಬಾಲ್ ಕಲಿಸಿದ್ದು ತಮಗೆ ಗೊತ್ತಿದ್ದ ದಾರಿಯಲ್ಲೇ. ಮುಂದಾಳಾಗಿ ಆಡುವ ಶ್ರೀನಿವಾಸಪುರದ ಹುಡುಗನಿಗೆ ಅವರ ಮೊದಲ ಪಾಠ: "ಅರ್ಧ ಗೆರೆ ದಾಟಿದ ಮೇಲೆ ಉಸಿರು ಬಿಡ್ಬೇಡ. ಒಳಗೋಗು, ಒಂದಿಬ್ಬರನ್ನ ಅಲ್ಲಾಡ್ಸು, ಸೇಫಾಗಿ ವಾಪಸ್ ಬಾ." ಹುಡುಗ ವಿಧೇಯ. ಚೆಂಡು ಸಮೇತ ಎದುರಾಳಿಗಳ ಬಾಕ್ಸಿನವರೆಗೆ ಹೋಗಿ, ಇಬ್ಬರನ್ನು ಅಲ್ಲಾಡಿಸಿ, ಚೆಂಡು ಸಮೇತ ಸೇಫಾಗಿ ವಾಪಸ್ ಬಂದ. ಎದುರಾಳಿಗಳು ಇದೇನು ಹೊಸ ತಂತ್ರವೋ ಅಂತ ಗಾಬರಿಯಾದರು. ಡಿಫೆಂಡರುಗಳಿಗೆ ಹೇಳಿದ್ದು ಇನ್ನೂ ಚುಟುಕು: "ಒಳಗೆ ಬಂದವನು ವಾಪಸ್ ಹೋಗ್ಬಾರ್ದು." ಮೊದಲ ಪಂದ್ಯದಲ್ಲಿ ನಮ್ಮ ಎಡಗಡೆಯವನು ಎದುರಾಳಿಯ ಕಣಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಕಬಡ್ಡಿಯಲ್ಲಿ ಕಾಲು ಹಿಡಿದರೆ ಒಂದು ಪಾಯಿಂಟು ಬರುತ್ತದೆ. ಫುಟ್‌ಬಾಲಿನಲ್ಲಿ ಹಿಡಿದರೆ, ಆಮೇಲೆ ಹೋಗಿ ರೆಫರಿಯ ಕಾಲು ಹಿಡಿಯಬೇಕಾಗುತ್ತದೆ. ಆವತ್ತು ನಾನು ಹೋಗಿ ಹಿಡಿದೆ. ಮ್ಯಾನೇಜರ್ ಇರುವುದೇ ಅದಕ್ಕೆ.

ಪ್ರಾಕ್ಟೀಸಿನ ವೇಳಾಪಟ್ಟಿ ಅಂತ ಒಂದು ಕಾಗದ ಅವರ ಕೋಣೆಯಲ್ಲಿದೆ. ಅದನ್ನು ಯಾರೂ ನೋಡುವುದಿಲ್ಲ, ಅವರೂ ನೋಡುವುದಿಲ್ಲ. ಬೆಳಿಗ್ಗೆ ಪೇಪರ್ ಬಂದ ತಕ್ಷಣ ಅವರು ನೋಡುವುದು ಕೋಲಾರ ಎಪಿಎಂಸಿಯ ಟೊಮೆಟೊ ರೇಟು. ರೇಟು ಬಿದ್ದಿದ್ದರೆ ಸಂಜೆ ಹೆಚ್ಚುಕಡಿಮೆ ಎಲ್ಲರೂ ಹಾಜರ್. ಏರಿದ್ದರೆ ನಾಲ್ಕು ಜನ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2000 ರೂಪಾಯಿ ದಾಟಿದಾಗ ನಮ್ಮ ಮಿಡ್‌ಫೀಲ್ಡು ಪೂರ್ತಿ ಟೊಮೆಟೊ ತೋಟದಲ್ಲಿ ಟಾರ್ಚ್ ಹಿಡಿದು ಕಾವಲು ಕೂತಿತ್ತು. ಮೇ, ಜೂನಿನಲ್ಲಿ ಶ್ರೀನಿವಾಸಪುರದವನು ಮಾವಿನ ಮಂಡಿ ಬಿಟ್ಟು ಅಲ್ಲಾಡುವುದಿಲ್ಲ. ಕೆಜಿಎಫ್ ಹುಡುಗರು ಮಾತ್ರ ತಪ್ಪದೆ ಬರುತ್ತಾರೆ. ಆದರೆ ಬಂಗಾರಪೇಟೆಯ ರೈಲು ತಪ್ಪಿಸಿಕೊಳ್ಳಬಾರದು ಅಂತ ವಾರ್ಮಪ್ ಮುಗಿಯುವ ಹೊತ್ತಿಗೆ ಚೀಲ ಹೆಗಲಿಗೇರಿಸುತ್ತಾರೆ. ಹಾಗಾಗಿ ಎಲ್ಲ ತಾಲ್ಲೂಕುಗಳ ನಮ್ಮ ಟೀಮು ಪೂರ್ತಿಯಾಗಿ ಒಂದು ಕಡೆ ಸೇರುವುದು ಪಂದ್ಯದ ದಿನ ಟೆಂಪೋ ಒಳಗೇ. ಇನ್ನು ಮೈದಾನ. ಚುನಾವಣೆ ಬಂದರೆ ಅದು ಹೆಲಿಪ್ಯಾಡು. ಕಳೆದ ಸಲ ಸುಣ್ಣದಲ್ಲಿ ಬರೆದ ದುಂಡನ್ನೇ ಸೆಂಟರ್ ಸರ್ಕಲ್ ಅಂತ ಉಳಿಸಿಕೊಂಡಿದ್ದೇವೆ, ನಡುವಿನ 'ಎಚ್' ಅಕ್ಷರ ಮಳೆ ಬಂದರೂ ಅಳಿಸಿಲ್ಲ. ಗೋಲು ಕಂಬ ನೀಲಗಿರಿಯವು. ಅಗಲ 24 ಅಡಿ, ಎತ್ತರ 8 ಅಡಿ ಅಂತ ಸಾರ್ ಟೇಪು ಹಿಡಿದೇ ನೆಟ್ಟರು. ಮೇಲಿನ ಅಡ್ಡಗಂಬ ಹಸಿ ಇದ್ದಾಗಲೇ ಕಟ್ಟಿದ್ದರಿಂದ ಒಣಗುತ್ತ ಒಣಗುತ್ತ ನಡುವೆ ಬಾಗಿದೆ. ನಡುವಿನ ಎತ್ತರ ಈಗ ಏಳೂವರೆ ಅಡಿ ಇರಬಹುದು. ಗಿಡ್ಡ ಗೋಲ್‌ಕೀಪರ್ ಇರುವ ಟೀಮಿಗೆ ಇದರಿಂದ ಅನುಕೂಲವೇ.

2024ರ ಏಪ್ರಿಲ್‌ನಲ್ಲಿ 'ಮೈದಾನ್' ಸಿನಿಮಾ ಬಂತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಕಥೆ. 1951ರಲ್ಲೂ 1962ರಲ್ಲೂ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಮುಟ್ಟಿಸಿದ ಕೋಚು. ಅವರು ಮೊದಲು ಸ್ಕೂಲ್ ಮೇಷ್ಟ್ರಾಗಿದ್ದರು ಅನ್ನುವುದು ನಮ್ಮ ಸಾರ್ ಎದೆಗೆ ನಾಟಿಬಿಟ್ಟಿತು. "ನೋಡಿ ಮೇಷ್ಟ್ರೇ, ಅವರೂ ನಮ್ಮಂಗೇ" ಅಂದರು. ಮಾರನೆಯ ದಿನ ಪ್ರಾಕ್ಟೀಸಿಗೆ ಕೋಟು ಹಾಕಿಕೊಂಡು ಬಂದರು. ಮದುವೆಯ ಕೋಟು. ಗುಂಡಿ ಹಾಕಲು ಆಗುತ್ತಿರಲಿಲ್ಲ, ಒಳಜೇಬಿನಲ್ಲಿ ಡ್ರೈ ಕ್ಲೀನಿಂಗ್ ಚೀಟಿ ಹಾಗೇ ಇತ್ತು. ಏಪ್ರಿಲ್ ಬಿಸಿಲಲ್ಲಿ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳೇ ಕಾದು ಕೂತಿರುವಾಗ ಇವರು ಕೋಟಿನಲ್ಲಿ ಗೆರೆಯುದ್ದಕ್ಕೂ ಅತ್ತಿಂದಿತ್ತ ಓಡಾಡಿದರು. ನಾಲ್ಕನೇ ದಿನ ಕೋಟು ಬೆಂಚಿನ ಮೇಲೆ ಬಂತು, ಐದನೇ ದಿನ ಗೋಲು ಕಂಬದ ಗುರುತಿಗೆ ಉಪಯೋಗವಾಯಿತು. ಆದರೆ ಕೋಟಿನ ಜೊತೆ ಶುರುವಾದ ಭಾಷಣ ನಿಲ್ಲಲಿಲ್ಲ. ಪಂದ್ಯಕ್ಕೆ ಮುಂಚೆ ಟೆಂಪೋದಲ್ಲಿ ಎದ್ದು ನಿಂತು, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಕಥೆ ಹೇಳುತ್ತಾರೆ. 1968-69ರಲ್ಲಿ ಮೈಸೂರು ಅನ್ನುವ ಹಳೇ ಹೆಸರಿನಲ್ಲಿ ನಮ್ಮ ರಾಜ್ಯ ಗೆದ್ದದ್ದೇ ಕೊನೆ, ಆಮೇಲೆ 54 ವರ್ಷ ಕಾದು 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದ ಕಥೆ. "ನಾವು ಶುರು ಮಾಡಿ ಮೂರು ವರ್ಷ ಆಯ್ತು ಅಷ್ಟೇ, ಇನ್ನೂ ಐವತ್ತೊಂದು ವರ್ಷ ಟೈಮೈತೆ" ಅನ್ನುತ್ತಾರೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಗೆದ್ದರೆ ಮುಳಬಾಗಿಲು ದೋಸೆ, ಸೋತರೆ ಬನ್ನು ಟೀ ಅಂತ ಒಪ್ಪಂದ. ಮೂರು ವರ್ಷದಿಂದ ಬನ್ನು ತಿನ್ನುತ್ತಿದ್ದೇವೆ.

ಹುಡುಗರಲ್ಲಿ ಹುರುಪಿಗೇನೂ ಕೊರತೆಯಿಲ್ಲ. ನಮ್ಮನ್ನು ಸೋಲಿಸುತ್ತಿದ್ದದ್ದು ಭಾಷೆ. ಗೋಲ್‌ಕೀಪರ್ ಮುಳಬಾಗಿಲಿನವನು, ಮನೆಮಾತು ಉರ್ದು. ಕೆಜಿಎಫ್‌ನ ನಾಲ್ವರದು ತಮಿಳು. ಆಂಧ್ರದ ಗಡಿಗೆ ಅಂಟಿಕೊಂಡ ಊರಿನವರೆಲ್ಲ ತೆಲುಗು. ಡಿಫೆನ್ಸಿನಲ್ಲಿ ನಿಲ್ಲುವ ಮಾಲೂರಿನ ಹುಡುಗನೊಬ್ಬ ಅಪ್ಪಟ ಕನ್ನಡದವನು, ಮಾಸ್ತಿಯವರ ತಾಲ್ಲೂಕಿನವನು ಅಂತ ನನಗೆ ಅವನ ಮೇಲೆ ಒಂದು ಗುಲಗಂಜಿ ಅಭಿಮಾನ ಜಾಸ್ತಿ. (ಮಾಸ್ತಿಯವರ ಮನೆಮಾತು ತಮಿಳಾಗಿತ್ತು ಅನ್ನುವುದನ್ನು ಸದ್ಯಕ್ಕೆ ಬದಿಗಿಡೋಣ.) ಪೀಡಿ ಸಾರ್ ಶಾಂತವಾಗಿದ್ದಾಗ ಕನ್ನಡ ಮಾತಾಡುತ್ತಾರೆ. ಆಟ ಬಿಗಿಯಾಯಿತೋ, ಬಾಯಿಗೆ ಬರುವುದು ಮನೆಯ ತೆಲುಗು. "ಕೊಟ್ರಾ! ಕೊಟ್ರಾ!" ಅಂತ ಕೂಗುತ್ತಾರೆ. ತೆಲುಗಿನಲ್ಲಿ ಹೊಡಿಯೋ ಅಂತ. ಮಾಲೂರಿನವನು ಆಟ ನಿಲ್ಲಿಸಿ ತಿರುಗಿ, "ಇನ್ನೂ ಕೊಟ್ಟಿಲ್ಲ ಸಾರ್" ಅನ್ನುತ್ತಾನೆ. ಕೆಜಿಎಫ್ ಹುಡುಗ "ಅಡಿ ಡಾ" ಅಂದರೆ ಇವನು ಏನು ಬಿದ್ದಿದೆ ಅಂತ ಕಾಲಡಿ ನೋಡುತ್ತಾನೆ.

ಕಳೆದ ವರ್ಷದ ಅಂತರ ಕಾಲೇಜು ಪಂದ್ಯ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಗಿ ಕೋಲಾರದ ಟಮಕಕ್ಕೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದ ಮೇಲೆ ಒಂದು ಉಪಕಾರವಾಗಿದೆ. ಮೊದಲು ಕಾಲೇಜುಗಳು ಸೋಲುವುದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು, ಈಗ ಮನೆ ಹತ್ತಿರವೇ ಸೋತು ಊಟದ ಹೊತ್ತಿಗೆ ವಾಪಸ್ ಬರಬಹುದು. ಆವತ್ತು ಮಾತ್ರ ಪವಾಡ. ಹಿಂದಿನ ದಿನವೇ ಸಾರ್ ಹೊಸ ಚೆಂಡನ್ನು ಕುರುಡುಮಲೆ ಗಣಪತಿಗೆ ಒಯ್ದು ಪೂಜೆ ಮಾಡಿಸಿದ್ದರು. ಕುಂಕುಮ ಇನ್ನೂ ಹೋಗಿರಲಿಲ್ಲ. ಅರ್ಧ ಆಟ ಮುಗಿದರೂ 0-0. ಅಟೆಂಡರ್ ಅಣ್ಣ ದೋಸೆಗೆ ಹದಿನಾರು ಜನ ಅಂತ ಲೆಕ್ಕ ಹಾಕಲು ಶುರು ಮಾಡಿದ್ದ. ಅಷ್ಟರಲ್ಲಿ ಎದುರಾಳಿಯೊಬ್ಬ ನಮ್ಮ ಬಾಕ್ಸಿನೊಳಕ್ಕೆ ನುಗ್ಗಿದ. ಕೋನ ಸರಿಯಿಲ್ಲ, ಸುಮ್ಮನೆ ಬಿಟ್ಟಿದ್ದರೆ ಅವನೇ ಹೊರಗೆ ಹೊಡೆಯುತ್ತಿದ್ದ. ಪಕ್ಕದಲ್ಲಿ ನಮ್ಮ ಮಾಲೂರಿನವನು. ಸಾರ್ ಗೆರೆಯವರೆಗೆ ಓಡಿ, ಇದ್ದಬದ್ದ ಗಂಟಲನ್ನೆಲ್ಲ ಹಾಕಿ ಕೂಗಿದರು:

"ಒದ್ದುರಾ! ಒದ್ದುರಾ! ರೇಯ್, ಒದ್ದು!"

ತೆಲುಗಿನಲ್ಲಿ ಒದ್ದು ಅಂದರೆ ಬೇಡ.

ಕನ್ನಡದ ಹುಡುಗ ಗುರುವಾಕ್ಯ ಮೀರಲಿಲ್ಲ. ಒದ್ದ. ಚೆಂಡಿಗಲ್ಲ.

ಪೆನಾಲ್ಟಿ. 1-0. ಆಮೇಲೆ ನಮ್ಮವರ ಕಾಲು ಸೋತು 4-0. ಟೆಂಪೋದಲ್ಲಿ ಬನ್ನು ಹಂಚುವಾಗ ಸಾರ್ ಕೇಳಿದರು, "ಯಾಕೋ ಒದ್ದೆ?" ಹುಡುಗ ಬನ್ನು ನುಂಗಿಕೊಂಡು, "ನೀವೇ ಮೂರು ಸಲ ಹೇಳಿದ್ರಲ್ಲ ಸಾರ್" ಅಂದ. ಟೆಂಪೋ ನರಸಾಪುರ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ನಕ್ಕವರು ಸಾರ್. ತೊಡೆ ತಟ್ಟಿಕೊಂಡು ನಕ್ಕರು.

ಮುಂದಿನ ಪಂದ್ಯಕ್ಕೆ ಅವರು ಮಾತೇ ಬಿಟ್ಟು ವಿಷಲ್ ಭಾಷೆ ತಂದರು. ಒಂದು ಸಲ ಊದಿದರೆ ಹೊಡಿ, ಎರಡು ಸಲ ಊದಿದರೆ ಬೇಡ. ಅವರು ಊದಿದಾಗಲೆಲ್ಲ ಎರಡೂ ಕಡೆಯ ಇಪ್ಪತ್ತೆರಡು ಜನ ಆಟ ನಿಲ್ಲಿಸಿದರು. ಹತ್ತನೇ ನಿಮಿಷಕ್ಕೆ ರೆಫರಿ ಬಂದು ವಿಷಲ್ ಕಿತ್ತುಕೊಂಡು ಹೋದರು. ಕೊನೆಗೆ ಕೆಲಸ ನನಗೇ ಬಂತು. ಮೂರು ವರ್ಷದಲ್ಲಿ ಕೋಚಿಂಗ್ ಸ್ಟಾಫಿಗೆ ನಾನು ಸಲ್ಲಿಸಿದ ಒಂದೇ ಸೇವೆ ಒಂದು ರಟ್ಟು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಕಂಬ: ಹೊಡಿ, ಕೊಟ್ಟು, ಅಡಿ, ಮಾರ್. ಅದರ ಕೆಳಗೆ ಬೇಡ, ಒದ್ದು, ವೇಂಡಾ, ನಕ್ಕೋ. 'ಒದ್ದು' ಮೇಲೆ ಕೆಂಪು ಗೆರೆ ಎಳೆದು, ಇದನ್ನು ಕೂಗಬಾರದು ಅಂತ ಬರೆದಿದ್ದೇನೆ. ಬೆಂಚಿನ ಹಿಂದೆ ಅಂಟಿಸಿದೆವು. ಕಾಲೇಜಿಗೆ ಗ್ರೇಡು ಕೊಡುವ ನ್ಯಾಕ್‌ನವರ ಫೈಲಿಗೆ ಬೇಕು ಅಂತ ಸಾರ್ ಅದರ ಜಿಯೋಟ್ಯಾಗ್ ಫೋಟೋ ತೆಗೆದು 'ನವೀನ ತರಬೇತಿ ವಿಧಾನ' ಅಂತ ಹೆಸರಿಟ್ಟಿದ್ದಾರೆ. ಮೊದಲ ವರ್ಷ 9-0, ಎರಡನೇ ವರ್ಷ 7-0, ಕಳೆದ ವರ್ಷ 4-0 ಅನ್ನುವುದನ್ನು ನೋಟಿಸ್ ಬೋರ್ಡಿನಲ್ಲಿ ಅಂಕಪಟ್ಟಿಯ ಹಾಗೆ ಬರೆದು, ಪಕ್ಕದಲ್ಲಿ 'ಗಮನಾರ್ಹ ಪ್ರಗತಿ' ಅಂತ ಷರಾ ಹಾಕಿದ್ದಾರೆ. ಲೆಕ್ಕ ಸುಳ್ಳೇನಲ್ಲ.

ಈ ಸಲದ ಪಂದ್ಯ ನಮ್ಮ ಮೈದಾನದಲ್ಲೇ ಇದೆ. ನಮ್ಮ ಒಂದು ಗೋಲಿಗೆ ಕೆರೆಯ ಮೀನಿನ ಬಲೆ ಕಟ್ಟಿದ್ದೇವೆ, ಇನ್ನೊಂದಕ್ಕೆ ಏನೂ ಇಲ್ಲ. ಚೆಂಡು ಒಳಗೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಅಂತ ಪ್ರತಿ ಸಲ ಜಗಳ. ಟೊಮೆಟೊಗೋ ಮಾವಿಗೋ ಕಟ್ಟಿ ಉಳಿದ ಹಳೇ ನೆಟ್ಟು, 24 ಅಡಿ ಅಗಲ 8 ಅಡಿ ಎತ್ತರಕ್ಕೆ ಆಗುವಷ್ಟು, ಯಾರ ಮನೆಯಲ್ಲಾದರೂ ಬಿದ್ದಿದ್ದರೆ ದಯವಿಟ್ಟು ತಂದು ಅಟೆಂಡರ್ ಅಣ್ಣನ ಕೈಗೆ ಕೊಡಿ. ತೂತಿದ್ದರೂ ನಡೆಯುತ್ತದೆ, 5ನೇ ನಂಬರಿನ ಚೆಂಡು ತೂರಿ ಆಚೆ ಹೋಗದಿದ್ದರೆ ಸಾಕು.